ಜಪಾನಿನ ಹಿರಿಯರಿಗೆ ಅವರವರ ಊರಿನ ಕ್ವಿಜ್: ಎಂಥ ಪ್ರಶ್ನೆ ಕೇಳಬೇಕು?

ತುಂಗೆಯ ತೀರ

ಎಲ್ಲರಿಗೂ ನಮಸ್ಕಾರ. ನಾನು ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ಹಿರಿಯರ ಡೇ ಸರ್ವಿಸ್ ಕೇಂದ್ರವೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತೇನೆ. ಇದು ವೃದ್ಧಾಶ್ರಮ ಅಲ್ಲ. ಅಜ್ಜ ಅಜ್ಜಿಯರು ಬೆಳಿಗ್ಗೆ ನಮ್ಮ ವ್ಯಾನಿನಲ್ಲಿ ಬರುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಬಂದ ತಕ್ಷಣ ಬಿಪಿ, ಜ್ವರ ನೋಡುತ್ತೇವೆ. ಆಮೇಲೆ ಸ್ನಾನ. ಊಟಕ್ಕೆ ಮುಂಚೆ ಎಲ್ಲರೂ ಸೇರಿ ‘ಪ, ತ, ಕ, ರ’ ಅಂತ ಜೋರಾಗಿ ಹೇಳುತ್ತಾರೆ. ನಾಲಿಗೆ, ಗಂಟಲು ಚುರುಕಾಗಿ ಊಟ ಸರಿಯಾಗಿ ಇಳಿಯಲಿ ಅಂತ. ಊಟ ಆದಮೇಲೆ ಮೂರು ಗಂಟೆಯ ತಿಂಡಿಯವರೆಗೆ ಆಟ, ಹಾಡು, ಕ್ವಿಜ್. ಇದಕ್ಕೆ ಇಲ್ಲಿ ‘ರೆಕು’ ಅನ್ನುತ್ತಾರೆ.

ಈಗ ಊರುಗಳ ಕ್ವಿಜ್ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಚ್ಚು ಹಾಕಿದ ಪ್ರಶ್ನೆಗಳು ಬೇಕಾದಷ್ಟು ಸಿಗುತ್ತವೆ. ಮುಖವಾಡ ಹಾಕಿಕೊಂಡು ಹೊಸ ವರ್ಷದ ಹಿಂದಿನ ರಾತ್ರಿ ಮನೆಮನೆಗೆ ಬರುವ ‘ನಾಮಾಹಗೆ’ ಯಾವ ಪ್ರಾಂತ್ಯದ್ದು? ಅಕಿತಾ. ಉದೋನ್ ಅನ್ನುವ ದಪ್ಪ ಗೋಧಿ ಶಾವಿಗೆಗೆ ಹೆಸರಾದ ಪ್ರಾಂತ್ಯ? ಕಗಾವಾ. ಸೇಬು ಜಾಸ್ತಿ ಬೆಳೆಯುವುದೆಲ್ಲಿ? ಆಓಮೋರಿ. ಟಕ್ ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಎಲ್ಲದಕ್ಕೂ ಉತ್ತರ ಕೊಡುವವರು ಅದೇ ಇಬ್ಬರು ಮೂವರು. ಉಳಿದವರು ಸುಮ್ನೆ ಕೂತಿರುತ್ತಾರೆ.

ಆ ಸುಮ್ಮನೆ ಕೂತವರು ಮಾತಾಡಬೇಕು ಅನ್ನುವುದು ನನ್ನ ಆಸೆ. ಇಲ್ಲಿ ಜಪಾನಿನಲ್ಲಿ ಬಹಳ ವರ್ಷ ಇದ್ದವರು, ಅತ್ತೆ ಮಾವ ಜಪಾನಿನವರೇ ಆಗಿರುವವರು ಇದ್ದೀರಿ. ಎಂಥ ಪ್ರಶ್ನೆ ಕೇಳಲಿ, ಹೇಗೆ ಕೇಳಲಿ, ದಯವಿಟ್ಟು ಹೇಳಿ.

ನಿಶಿಕಸಾಯ್ ನಿವಾಸಿ

ಮೊದಲು ಒಂದು ಕೆಲಸ ಮಾಡಿ. ನಿಮ್ಮಲ್ಲಿಗೆ ಬರುವವರು ಹುಟ್ಟಿದ್ದೆಲ್ಲಿ ಅಂತ ತಿಳಿದುಕೊಳ್ಳಿ. ಸೈತಾಮಾದಲ್ಲಿ ಮನೆ ಇದೆ ಅಂದ ಮಾತ್ರಕ್ಕೆ ಅವರು ಸೈತಾಮಾದವರಲ್ಲ.

1954ರಿಂದ 1975ರ ತನಕ ಉತ್ತರದ ತೋಹೊಕು ಕಡೆಯಿಂದ ಟೋಕಿಯೋದ ಉಯೆನೊ ನಿಲ್ದಾಣಕ್ಕೆ ವಿಶೇಷ ರೈಲುಗಳು ಬರುತ್ತಿದ್ದವು. ಅದರ ತುಂಬ ಆಗಷ್ಟೇ ಮಿಡಲ್ ಸ್ಕೂಲ್ ಮುಗಿಸಿದ ಹದಿನೈದು ವರ್ಷದ ಹುಡುಗ ಹುಡುಗಿಯರು. ಗುಂಪು ಗುಂಪಾಗಿ ಕೆಲಸಕ್ಕೆ ಬಂದವರು. ಕಾರ್ಖಾನೆ, ಅಂಗಡಿ, ಹೋಟೆಲು, ಎಲ್ಲಿ ಸಿಕ್ಕರೆ ಅಲ್ಲಿ. ಪತ್ರಿಕೆಗಳು ಅವರನ್ನು ‘ಚಿನ್ನದ ಮೊಟ್ಟೆಗಳು’ ಅಂತ ಕರೆದವು. 1955ರಲ್ಲಿ ಹದಿನೈದು ಇದ್ದವರಿಗೆ ಈಗ ಎಂಬತ್ತೈದು ದಾಟಿದೆ. ನಿಮ್ಮ ಸುಮ್ಮನೆ ಕೂರುವವರಲ್ಲಿ ಅಂಥವರು ಖಂಡಿತ ಇರುತ್ತಾರೆ. ಅವರಿಗೆ ಸೈತಾಮಾದ ಕವಾಗೋಎ ಗೆಣಸು, ಸೋಕಾ ಸೆಂಬೆ ಅನ್ನುವ ಅಕ್ಕಿ ಬಿಲ್ಲೆಗಳ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರಬಹುದು. ಆದರೆ ಅದು ಅವರ ಊರಲ್ಲ.

ಇನ್ನೊಂದು. ಊರಿನ ಹೆಸರನ್ನು ಹಳೆಯ ಹೆಸರಿನಿಂದಲೇ ಹೇಳಿ. 1999ರಲ್ಲಿ ಜಪಾನಿನಲ್ಲಿ 3,232 ನಗರ, ಪಟ್ಟಣ, ಹಳ್ಳಿಗಳಿದ್ದವು. ಒಂದಕ್ಕೊಂದು ಸೇರಿಸಿ ಸೇರಿಸಿ 2010ಕ್ಕೆ 1,727ಕ್ಕೆ ಇಳಿಸಿದರು. ನಿಮ್ಮ ಸೈತಾಮಾ ನಗರವೇ 2001ರಲ್ಲಿ ಹುಟ್ಟಿದ್ದು. ಉರಾವಾ, ಓಮಿಯಾ, ಯೋನೊ ಮೂರೂ ಸೇರಿ ಆದ ಊರು ಅದು. ಆಮೇಲೆ 2005ರಲ್ಲಿ ಗೊಂಬೆಗಳಿಗೆ ಹೆಸರಾದ ಇವಾತ್ಸುಕಿಯೂ ಸೇರಿತು. ಓಮಿಯಾದ ಅಜ್ಜಿಯನ್ನು ‘ನೀವು ಸೈತಾಮಾ ನಗರದವರಾ’ ಅಂತ ಕೇಳಿದರೆ ಹೌದು ಅಂತಾರೆ. ‘ಓಮಿಯಾದವರಾ’ ಅಂತ ಕೇಳಿದರೆ ಮುಖ ಅರಳುತ್ತದೆ. ಹಳೆಯ ನಕಾಶೆ ಒಂದನ್ನು ಗೋಡೆಗೆ ಹಾಕಿ. ಅದರ ಮುಂದೆ ನಿಂತು ನಡೆಯುವ ಮಾತೇ ಅರ್ಧ ಕ್ವಿಜ್.

ನೀವು ಹೇಳಿದ ಅಚ್ಚಿನ ಪ್ರಶ್ನೆಗಳ ಬಗ್ಗೆಯೂ ಒಂದು ಮಾತು. ಅದರಲ್ಲಿ ಬಹಳಷ್ಟು ಪ್ರವಾಸಿಗಳಿಗೆ ಮಾಡಿದ್ದು. ಕುಮಾಮೋನ್ ಯಾವ ಪ್ರಾಂತ್ಯದ ಗೊಂಬೆ ಅಂತ ಕೇಳುತ್ತಾರೆ. ಅದು ಬಂದದ್ದು 2010ರಲ್ಲಿ. ಐವತ್ತು ವರ್ಷ ಮೊದಲೇ ಕುಮಾಮೊತೊ ಬಿಟ್ಟು ಬಂದವರಿಗೆ ಆ ಕರಡಿ ಯಾರು?

ಲೆಕ್ಕದ ಮನುಷ್ಯ

ನಿವಾಸಿಯವರ ಮಾತು ಸರಿ. ಆದರೆ ಟಕ್ ಅಂತ ಉತ್ತರ ಬರುವುದು ತಪ್ಪಲ್ಲ ಅನ್ನುತ್ತೇನೆ. ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ಹಿರಿಯರಿದ್ದಾರೆ. ರೈಲ್ವೆಯಲ್ಲಿ ಕೆಲಸ ಮಾಡಿದವರು. ಅವರಿಗೆ ಅಂಕ ಬೇಕು, ಎದುರಾಳಿ ಬೇಕು. ಸಮುದ್ರ ಮುಟ್ಟದ ಎಂಟು ಪ್ರಾಂತ್ಯ ಯಾವುವು ಅಂದರೆ ಬೆರಳು ಮಡಚುತ್ತಾ ಹೇಳುತ್ತಾರೆ: ತೊಚಿಗಿ, ಗುನ್ಮಾ, ಸೈತಾಮಾ, ಯಾಮಾನಾಶಿ, ನಾಗಾನೊ, ಗಿಫು, ಶಿಗಾ, ನಾರಾ. ಎಂಟೂ ಸರಿಯಾದಾಗ ಅವರ ಕಣ್ಣಲ್ಲಿ ಕಾಣುವ ಖುಷಿ ನಿಜವಾದದ್ದು. ಹಿರಿಯರು ಅಂದ ತಕ್ಷಣ ಸ್ಪರ್ಧೆ ಬೇಡ, ಮೆತ್ತಗೆ ಮಾತಾಡಿಸಿ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಗೆಲ್ಲುವ ಆಸೆ ವಯಸ್ಸಿನ ಜೊತೆ ಹೋಗುವುದಿಲ್ಲ.

ಒಸಾಕಾ ಸೊಸೆ

ನಾನು ಒಂದೇ ಒಂದು ಪ್ರಶ್ನೆ ಕೊಡುತ್ತೇನೆ. ಅದರಲ್ಲೇ ಇಡೀ ಮಧ್ಯಾಹ್ನ ಕಳೆಯುತ್ತದೆ.

‘ನಿಮ್ಮ ಅಮ್ಮ ಹೊಸ ವರ್ಷಕ್ಕೆ ಮಾಡುತ್ತಿದ್ದ ಜೋನಿಯಲ್ಲಿ ಮೋಚಿ ಚೌಕವಾಗಿತ್ತಾ, ಗುಂಡಗಿತ್ತಾ?’

ಮೋಚಿ ಅಂದರೆ ಅಂಟಕ್ಕಿ ಬೇಯಿಸಿ ಕುಟ್ಟಿ ಮಾಡಿದ ಮುದ್ದೆ. ಜೋನಿ ಅಂದರೆ ಅದನ್ನು ಹಾಕಿದ ಹೊಸ ವರ್ಷದ ಸಾರು. ಪೂರ್ವ ಜಪಾನಿನಲ್ಲಿ ಮೋಚಿಯನ್ನು ಚೌಕವಾಗಿ ಕತ್ತರಿಸುತ್ತಾರೆ. ಪಶ್ಚಿಮದಲ್ಲಿ ಕೈಯಲ್ಲಿ ಗುಂಡಗೆ ಮಾಡುತ್ತಾರೆ. ಗಡಿ ಸುಮಾರಾಗಿ ಗಿಫು ಪ್ರಾಂತ್ಯದ ಸೆಕಿಗಾಹರಾ ಹತ್ತಿರ ಹಾದುಹೋಗುತ್ತದೆ. ಆದರೆ ಯಾಮಾಗಾತಾದ ಶೋನಾಯ್ ಕಡೆ ಪೂರ್ವದಲ್ಲಿದ್ದರೂ ಗುಂಡು ಮೋಚಿ. ಹಿಂದೆ ಸರಕಿನ ಹಡಗುಗಳು ಒಸಾಕಾದಿಂದ ಸಕಾತಾ ಬಂದರಿಗೆ ಹೋಗುತ್ತಿದ್ದವು, ಜೊತೆಗೆ ಕಾನ್‌ಸಾಯ್‌ನ, ಅಂದರೆ ಒಸಾಕಾ ಕ್ಯೋಟೊ ಸೀಮೆಯ, ರೂಢಿಯೂ ಹೋಯಿತು.

ಸಾರಿನ ವಿಷಯಕ್ಕೆ ಬಂದರೆ ಇನ್ನೂ ಗಮ್ಮತ್ತು. ನಮ್ಮ ಕಾನ್‌ಸಾಯ್‌ನಲ್ಲಿ ಬಿಳಿ ಮಿಸೊ, ಅಂದರೆ ಹುದುಗಿಸಿದ ಸೋಯಾ ಗೊಜ್ಜು. ಟೋಕಿಯೋ ಕಡೆ ತಿಳಿ ಸಾರು. ನೀಗಾತಾದಲ್ಲಿ ಸಾಲ್ಮನ್ ಮೀನು, ಅದರ ಮೊಟ್ಟೆ. ಸೆಂದಾಯ್‌ನಲ್ಲಿ ಸುಟ್ಟು ಒಣಗಿಸಿದ ಹಜೆ ಮೀನಿನ ಸಾರು. ಹಕಾತಾದಲ್ಲಿ ಬುರಿ ಮೀನು, ಕತ್ಸುಓನಾ ಸೊಪ್ಪು. ಇವಾತೆಯ ಕರಾವಳಿಯಲ್ಲಿ ಸಾರಿನಿಂದ ಮೋಚಿ ತೆಗೆದು ಸಿಹಿ ಅಕ್ರೋಟ್ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಾರೆ. ನಾರಾದಲ್ಲಿ ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸುತ್ತಾರೆ. ತೊತ್ತೊರಿ, ಶಿಮಾನೆಯಲ್ಲಿ ಕೆಂಪು ಬೀನ್ಸಿನ ಸಿಹಿ ಸಾರನ್ನೇ ಜೋನಿ ಅನ್ನುವವರಿದ್ದಾರೆ. ಎಲ್ಲಕ್ಕಿಂತ ವಿಚಿತ್ರ ಕಗಾವಾದ್ದು. ಬಿಳಿ ಮಿಸೊ ಸಾರಿನೊಳಗೆ ಹೂರಣ ತುಂಬಿದ ಸಿಹಿ ಮೋಚಿ! ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಬಡವರು ಹಬ್ಬದ ಸಿಹಿಯನ್ನು ಮೋಚಿಯೊಳಗೆ ಬಚ್ಚಿಟ್ಟು ತಿಂದರು ಅಂತ ಹೇಳುತ್ತಾರೆ.

ನನ್ನ ಅತ್ತೆ ಮಿತಭಾಷಿ. ಕಗಾವಾದ ಒಬ್ಬರ ಜೊತೆ ಈ ಒಂದು ವಿಷಯಕ್ಕೆ ವಾದಕ್ಕೆ ಇಳಿದರು ನೋಡಿ, ಟೀ ಎರಡು ಸಲ ಆರಿತು. ‘ಸಾರಿನಲ್ಲಿ ಹೂರಣವಾ?’ ‘ತಿಂದು ನೋಡಿ ಮಾತಾಡಿ!’ ಇಬ್ಬರೂ ಎಪ್ಪತ್ತು ವರ್ಷ ಹಿಂದಿನ ಅಡುಗೆಮನೆಗೆ ಹೋಗಿಬಿಟ್ಟಿದ್ದರು. ಮೋಚಿ ಕುಟ್ಟುವವರು ಯಾರು, ತಿರುವಿ ಹಾಕುವವರು ಯಾರು, ಮೊದಲ ತುಂಡು ಯಾರಿಗೆ, ಎಲ್ಲ ಹೊರಬಂತು.

ಒಂದು ಎಚ್ಚರಿಕೆ. ಮಾತಿಗೆ ಮೋಚಿ ಸರಿ, ತಟ್ಟೆಗೆ ಬೇಡ. ಪ್ರತಿ ಹೊಸ ವರ್ಷಕ್ಕೂ ಅದು ಗಂಟಲಲ್ಲಿ ಸಿಕ್ಕಿ ಹಿರಿಯರು ಆಸ್ಪತ್ರೆ ಸೇರುತ್ತಾರೆ. ನಿಮಗೆ ಇದು ಗೊತ್ತೇ ಇರುತ್ತದೆ.

ಧಾರವಾಡ ಮಳೆ

ನಾನು ನರ್ಸ್. ವಯಸ್ಸಾದವರ ವಾರ್ಡಿನಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಒಸಾಕಾ ಸೊಸೆಯವರ ಪ್ರಶ್ನೆ ಯಾಕೆ ಅಷ್ಟು ಚೆನ್ನಾಗಿದೆ ಅಂದರೆ, ಅದರ ಸರಿಯುತ್ತರ ಕಾಗದದಲ್ಲಿ ಇಲ್ಲ. ಹೇಳುವವರ ಹತ್ತಿರ ಇದೆ. ‘ನಿಮ್ಮ ಅಮ್ಮ ಹೇಗೆ ಮಾಡುತ್ತಿದ್ದರು’ ಅಂತ ಕೇಳಿದರೆ ತಪ್ಪು ಉತ್ತರ ಅನ್ನುವುದೇ ಇಲ್ಲ.

ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು, ವಯಸ್ಸಾದವರು ಹಿಂದಿನದನ್ನು ನೆನೆಸಿಕೊಳ್ಳುವುದು ಅರಳುಮರುಳಲ್ಲ, ಬದುಕನ್ನು ಒಮ್ಮೆ ತಿರುಗಿ ನೋಡುವ ಸಹಜ ಕೆಲಸ ಅಂತ. ಜಪಾನಿನಲ್ಲಿ ಆ ದಾರಿ ಹಿಡಿದು ‘ಕೈಸೋಹೋ’ ಅನ್ನುವ ಪದ್ಧತಿ ಬೆಳೆದಿದೆ. ಐಚಿ ಪ್ರಾಂತ್ಯದ ಕಿತಾನಗೋಯಾದಲ್ಲಿ ಶೋವಾ ಕಾಲದ (1926–1989) ದಿನಬಳಕೆಯ ವಸ್ತುಗಳ ಮ್ಯೂಸಿಯಂ ಇದೆ. ಬಟ್ಟೆ ಉಜ್ಜುವ ಹಲಗೆ, ಹಳೆ ಟಿವಿ, ಮಕ್ಕಳ ಆಟಿಕೆ, ತಗಡಿನ ಡಬ್ಬ. ಆ ಊರಿನಲ್ಲಿ ಹಿರಿಯರ ಕೈಗೆ ಇಂಥ ವಸ್ತು ಕೊಟ್ಟು ಮಾತಾಡಿಸುತ್ತಾರೆ. ಹಾಗಾಗಿ ನಿಮ್ಮ ಕ್ವಿಜ್‌ನಲ್ಲೂ ಬರೀ ಬೋರ್ಡ್ ಮೇಲಿನ ಪ್ರಶ್ನೆ ಬೇಡ. ಕೈಗೆ ಏನಾದರೂ ಕೊಡಿ.

ಹತ್ತರಿಂದ ಮೂವತ್ತರ ವಯಸ್ಸಿನ ನೆನಪು ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ. ನಿಮ್ಮವರಿಗೆ ಅದು ಸುಮಾರು 1950ರಿಂದ 1970ರ ಮಾತು. ಪ್ರಶ್ನೆ ಆ ಕಾಲಕ್ಕೆ ಮುಟ್ಟಬೇಕು. ನೆನ್ನೆಯ ಊಟ ಮರೆತವರು ಶಾಲೆಯಿಂದ ಮಿಡತೆ ಹಿಡಿಯಲು ಗದ್ದೆಗೆ ಹೋದದ್ದನ್ನು ಹೇಳುತ್ತಾರೆ. ನಾಗಾನೊ, ತೋಹೊಕು ಕಡೆಯವರಿದ್ದರೆ ಮಿಡತೆ ಪ್ರಶ್ನೆ ಕೇಳಿಯೇ ನೋಡಿ. ಸೋಯಾ ಸಾಸ್, ಸಕ್ಕರೆಯಲ್ಲಿ ಬೇಯಿಸಿ ತಿನ್ನುತ್ತಿದ್ದರು.

ಕೇಳುವ ರೀತಿಯೂ ಮುಖ್ಯ. ಕಿವಿ ಮಂದ ಆದವರಿಗೆ ಕಿರುಚಿದರೆ ಕೇಳುವುದಿಲ್ಲ. ದನಿ ತಗ್ಗಿಸಿ, ನಿಧಾನವಾಗಿ, ಮುಖ ಕಾಣುವ ಹಾಗೆ ಹೇಳಿ. ಪ್ರಶ್ನೆಯನ್ನು ದೊಡ್ಡದಾಗಿ ಬರೆಯಿರಿ. ಕೇಳಿದ ಮೇಲೆ ಕಾಯಿರಿ. ನಾವು ಆರೈಕೆಯವರು ಮೌನಕ್ಕೆ ಬೇಗ ಹೆದರುತ್ತೇವೆ. ಉತ್ತರ ಹೊರಡುತ್ತಾ ಇರುತ್ತದೆ, ಅಷ್ಟರಲ್ಲಿ ನಾವೇ ಹೇಳಿಬಿಡುತ್ತೇವೆ. ಮಕ್ಕಳಿಗೆ ಹೇಳುವ ಹಾಗೆ ‘ಭೇಷ್, ಜಾಣೆ’ ಅಂತಲೂ ಹೇಳಬೇಡಿ. ಅವರು ಮನೆ ಕಟ್ಟಿದವರು, ಮಕ್ಕಳನ್ನು ಸಾಕಿದವರು.

ಮತ್ತೆ, ಕ್ವಿಜ್ ಮಾಡಿದರೆ ಮರೆವಿನ ರೋಗ ಬರುವುದಿಲ್ಲ ಅಂತ ಯಾರಿಗೂ ಹೇಳಬೇಡಿ. ಆಮೇಲೆ ರೋಗ ಬಂದವರು ತಾವೇ ಸರಿಯಾಗಿ ಆಡಲಿಲ್ಲವೇನೋ ಅಂದುಕೊಳ್ಳುತ್ತಾರೆ. ಖುಷಿಯಾಗುತ್ತದೆ, ಮಾತು ಬರುತ್ತದೆ. ಅಷ್ಟು ಸಾಕು.

ತುಂಗೆಯ ತೀರ

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಹುಟ್ಟೂರಿನ ಪಟ್ಟಿ ಮಾಡಿದೆ. ನಿವಾಸಿಯವರು ಹೇಳಿದ್ದು ನಿಜ. ಆಓಮೋರಿ, ಇವಾತೆ, ಫುಕುಶಿಮಾ, ನೀಗಾತಾ, ಒಬ್ಬರು ಫುಕುಓಕಾ, ಒಬ್ಬರು ಓಕಿನಾವಾ. ಸೈತಾಮಾದಲ್ಲೇ ಹುಟ್ಟಿದವರು ಕಡಿಮೆ. ಗುನ್ಮಾದವರು ನಾಲ್ಕೈದು ಜನ ಇದ್ದಾರೆ, ಅದರಲ್ಲಿ ಒಬ್ಬರಿಗೆ ಮರೆವು ಜಾಸ್ತಿ. ಗುನ್ಮಾ ಬಗ್ಗೆ ನನಗೆ ಏನೂ ತಿಳಿಯದು. ಎಲ್ಲಿಂದ ಶುರು ಮಾಡಲಿ?

ಹಳೇ ರೇಡಿಯೊ

ಗುನ್ಮಾ ಅಂದಿರಾ? ನಿಮ್ಮ ಅದೃಷ್ಟ ದೊಡ್ಡದು. ನಾನು ಬೆಂಗಳೂರಿನಲ್ಲಿ ಜಪಾನಿ ಕಲಿಸುತ್ತಿದ್ದವನು. ವಿದ್ಯಾರ್ಥಿಗಳಿಗೆ ಜಪಾನಿನ ಊರುಗಳ ಬಗ್ಗೆ ಹೇಳುವಾಗ ತಪ್ಪದೆ ಹೇಳುತ್ತಿದ್ದ ಸಂಗತಿ ಇದು.

ಗುನ್ಮಾದಲ್ಲಿ ‘ಜೋಮೋ ಕರುತಾ’ ಅಂತ ಒಂದು ಕಾರ್ಡಿನ ಆಟ ಇದೆ. ಜೋಮೋ ಅನ್ನುವುದು ಆ ನಾಡಿನ ಹಳೆಯ ಹೆಸರು. ಯುದ್ಧ ಮುಗಿದ ಎರಡೇ ವರ್ಷಕ್ಕೆ, 1947ರಲ್ಲಿ ಬಂತು. ಎಲ್ಲೆಲ್ಲೂ ಹಸಿವು, ಮನೆಗಳಲ್ಲಿ ದುಃಖ. ಆಗ ಮಕ್ಕಳಿಗೆ ತಮ್ಮ ನಾಡಿನ ಬಗ್ಗೆ ಒಂದು ಹೆಮ್ಮೆ ಕೊಡಬೇಕು ಅಂತ ಮಾಡಿದ ಆಟ. ಒಟ್ಟು 44 ಕಾರ್ಡು. ಒಬ್ಬರು ಸಾಲು ಓದುತ್ತಾರೆ, ನೆಲದ ಮೇಲೆ ಹರಡಿದ ಚಿತ್ರಗಳಲ್ಲಿ ಸರಿಯಾದದ್ದನ್ನು ಮೊದಲು ಯಾರು ಹೊಡೆಯುತ್ತಾರೋ ಕಾರ್ಡು ಅವರದು. 1948ರಿಂದ ಪ್ರಾಂತ್ಯದ ಮಟ್ಟದ ಪಂದ್ಯ ನಡೆಯುತ್ತಿದೆ. ಅಲ್ಲಿ ಬೆಳೆದವರಿಗೆ ಈ ಸಾಲುಗಳು ಬಾಯಿಪಾಠ. ಬೆಟ್ಟ, ಬಿಸಿನೀರ ಬುಗ್ಗೆ, ತೊಮಿಓಕಾದ ರೇಷ್ಮೆ ಗಿರಣಿ, ಶೋರಿನ್‌ಜಾನ್‌ನ ದಾರುಮಾ ಗೊಂಬೆ, ಶಿಮೊನಿತಾದ ನೆಗಿ ಅನ್ನುವ ಉದ್ದ ಈರುಳ್ಳಿ ಮತ್ತು ಕೊನ್ನ್ಯಾಕು ಗೆಡ್ಡೆ, ಎಲ್ಲ ಅದರೊಳಗಿದೆ.

ನೀವು ಮಾಡಬೇಕಾದದ್ದು ಇಷ್ಟೇ. ಆ ಕಾರ್ಡು ಕೊಂಡುಕೊಳ್ಳಿ. ‘ತ್ಸುರು ಮಾಉ ಕತಾಚಿ ನೊ...’ ಅಂತ ಅರ್ಧ ಹೇಳಿ ನಿಲ್ಲಿಸಿ. ಕುಣಿಯುವ ಕೊಕ್ಕರೆಯ ಆಕಾರದ ನಾಡು ಅಂತ ಅದರ ಭಾವ, ನಕಾಶೆಯಲ್ಲಿ ಗುನ್ಮಾ ಹಾಗೆ ಕಾಣುತ್ತದೆ. ನಿಮ್ಮ ಮರೆವಿನವರು ‘ಗುನ್ಮಾ ಕೆನ್’ ಅಂತ ಪೂರ್ತಿ ಮಾಡಿದರೆ ಆಶ್ಚರ್ಯಪಡಬೇಡಿ. ಚಿಕ್ಕಂದಿನಲ್ಲಿ ತಾಳಕ್ಕೆ ಸರಿಯಾಗಿ ಕಲಿತದ್ದು ಕಡೆಯ ತನಕ ಉಳಿಯುವುದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ಅದರಲ್ಲಿ ಒಂದು ಕಾರ್ಡು ನನಗೆ ಬಹಳ ಇಷ್ಟ. ಪ್ರಾಂತ್ಯದ ಜನ ಒಟ್ಟಾಗಿ ದುಡಿಯುತ್ತಾರೆ ಅಂತ ಹೇಳುವ ಸಾಲು, ಅದರಲ್ಲಿ ಜನಸಂಖ್ಯೆ ಬರುತ್ತದೆ. 1947ರಲ್ಲಿ 160 ‘ಮಾನ್’ ಅಂತ ಇತ್ತು. ಒಂದು ಮಾನ್ ಅಂದರೆ ಹತ್ತು ಸಾವಿರ, ಅಂದರೆ 16 ಲಕ್ಷ. ಜನ ಹೆಚ್ಚಿದ ಹಾಗೆ ಕಾರ್ಡು ಬದಲಾಯಿತು. 1993ರಲ್ಲಿ 200 ಮಾನ್ ಆಯಿತು. ಈಗ ಗುನ್ಮಾದ ಜನಸಂಖ್ಯೆ ಮತ್ತೆ 20 ಲಕ್ಷಕ್ಕಿಂತ ಕೆಳಗಿಳಿದಿದೆ, ಕಾರ್ಡು ಮಾತ್ರ ಹಾಗೇ ಇದೆ. ನಿಮ್ಮ ನಾಲ್ಕೈದು ಜನರಿಗೆ ಕೇಳಿ: ‘ನೀವು ಆಡುವಾಗ ಎಷ್ಟು ಮಾನ್ ಇತ್ತು?’ ನಿಮ್ಮ ಜೊತೆ ಕೆಲಸ ಮಾಡುವ ಗುನ್ಮಾದ ಹುಡುಗಿ ಯಾರಾದರೂ ಇದ್ದರೆ ಅವಳಿಗೂ ಕೇಳಿ. ಸಂಖ್ಯೆ ಬೇರೆ ಬೇರೆ ಬರುತ್ತದೆ, ಎಲ್ಲವೂ ಸರಿ.

ಇನ್ನು ನಿಮಗಾಗಿ ಒಂದು ಸಲಹೆ. ಓದಲು ಕಷ್ಟವಾದ ಊರ ಹೆಸರುಗಳನ್ನು ಕಾಂಜಿಯಲ್ಲಿ, ಅಂದರೆ ಚೀನೀ ಮೂಲದ ಅಕ್ಷರಗಳಲ್ಲಿ, ಬರೆದು ಹಿಡಿಯಿರಿ. ಹೊಕ್ಕೈಡೊದ ಕುಚ್ಚಾನ್, ಓಶಾಮಾಂಬೆ, ಒಸಾಕಾದ ಹಾನಾತೆನ್, ಚಿಬಾದ ಅಬಿಕೊ. ನಿಮಗೆ ಓದಲು ಬರುವುದಿಲ್ಲ, ಅವರಿಗೆ ಬರುತ್ತದೆ. ಅವರು ಮೇಷ್ಟ್ರು, ನೀವು ವಿದ್ಯಾರ್ಥಿನಿ. ಪರದೇಶದಿಂದ ಬಂದ ಆರೈಕೆಯವರಿಗೆ ಇರುವ ದೊಡ್ಡ ಅನುಕೂಲ ಇದೇ ಅನ್ನುತ್ತೇನೆ. ಜಪಾನಿನ ಸಿಬ್ಬಂದಿ ‘ಗೊತ್ತಿಲ್ಲ, ಹೇಳಿಕೊಡಿ’ ಅಂದರೆ ನಾಟಕ ಅನ್ನಿಸಬಹುದು. ನೀವು ಅಂದರೆ ನಿಜ.

ಲೆಕ್ಕದ ಮನುಷ್ಯ

ಅಂಕ ಬೇಕು ಅನ್ನುವವರಿಗೆ ಪೂರ್ವ ವಿರುದ್ಧ ಪಶ್ಚಿಮ ಅಂತ ಎರಡು ತಂಡ ಮಾಡಿ. ಪ್ರಶ್ನೆಗೆ ಬರವಿಲ್ಲ.

ಕರೆಂಟ್: ಪೂರ್ವದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೋ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದು. ಇವತ್ತಿಗೂ ಹಾಗೇ. ಹಿಂದೆ ಒಸಾಕಾದಿಂದ ಟೋಕಿಯೋಗೆ ಮನೆ ಬದಲಿಸಿದವರ ವಾಷಿಂಗ್ ಮಷಿನ್, ಗಡಿಯಾರದ ಕಥೆ ಕೇಳಿ. ಹಾವುಮೀನು: ಟೋಕಿಯೋ ಕಡೆ ಬೆನ್ನಿನಿಂದ ಸೀಳಿ, ಹಬೆಯಲ್ಲಿ ಬೇಯಿಸಿ ಸುಡುತ್ತಾರೆ. ಒಸಾಕಾ ಕಡೆ ಹೊಟ್ಟೆಯಿಂದ ಸೀಳಿ ನೇರ ಸುಡುತ್ತಾರೆ. ಎಸ್ಕಲೇಟರ್: ಟೋಕಿಯೋದಲ್ಲಿ ಎಡಕ್ಕೆ ನಿಲ್ಲುತ್ತಾರೆ, ಒಸಾಕಾದಲ್ಲಿ ಬಲಕ್ಕೆ. ಹಿನಾ, ಅಂದರೆ ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬದ ಗೊಂಬೆ: ಚಕ್ರವರ್ತಿಯ ಗೊಂಬೆ ನೋಡುವವರ ಎಡಕ್ಕಾ, ಬಲಕ್ಕಾ? ಟೋಕಿಯೋದಲ್ಲಿ ಎಡ, ಕ್ಯೋಟೊದಲ್ಲಿ ಬಲ. ಮಾರ್ಚ್ ತಿಂಗಳಿಗೆ ಇದು ಹೇಳಿ ಮಾಡಿಸಿದ್ದು. ಗತಿಸಿದ ಹಿರಿಯರನ್ನು ನೆನೆಯುವ ಬೋನ್ ಹಬ್ಬ: ಟೋಕಿಯೋದಲ್ಲಿ ಜುಲೈ, ಬಹಳ ಕಡೆ ಆಗಸ್ಟ್.

ಮಳೆಯವರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ತಂಡಕ್ಕೆ ಅಂಕ ಕೊಟ್ಟರೆ ಒಬ್ಬರಿಗೂ ಅವಮಾನ ಆಗುವುದಿಲ್ಲ ಅಲ್ವಾ?

ಧಾರವಾಡ ಮಳೆ

ತಂಡಕ್ಕಾದರೆ ಖಂಡಿತ ಸರಿ. ಒಬ್ಬೊಬ್ಬರ ಹೆಸರಿನ ಮುಂದೆ ಅಂಕ ಬರೆಯುವುದು ಬೇಡ ಅನ್ನುವುದಷ್ಟೇ ನನ್ನ ಮಾತು.

ನಾಹಾದಿಂದ

ಓಕಿನಾವಾದವರು ಒಬ್ಬರಿದ್ದಾರೆ ಅಂದಿರಿ. ನಾನು ನಾಹಾದಲ್ಲಿ ಇದ್ದೇನೆ, ಹಾಗಾಗಿ ಬರೆಯಲೇಬೇಕು ಅನ್ನಿಸಿತು.

ಮೇಲಿನ ಬಹುತೇಕ ಪ್ರಶ್ನೆ ಅವರಿಗೆ ತಾಗುವುದಿಲ್ಲ. ಓಕಿನಾವಾದಲ್ಲಿ ಜೋನಿ ಮಾಡುವ ರೂಢಿಯೇ ಇರಲಿಲ್ಲ. ಹಬ್ಬಕ್ಕೆ ಹಂದಿಯ ಕರುಳಿನ ಸಾರು, ‘ನಾಕಾಮಿ’. ಎಲ್ಲರಿಗೂ ಚೌಕವಾ ಗುಂಡಗಾ ಅಂತ ಕೇಳುತ್ತಾ ಹೋದರೆ ಆ ಒಬ್ಬರು ಹೊರಗಿನವರಾಗಿಬಿಡುತ್ತಾರೆ. ಅವರಿಗೆ ಬೇರೆ ಕೇಳಿ.

1972ರ ಮೇ 15ರ ತನಕ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. 1958ರಿಂದ ಅಲ್ಲಿ ಡಾಲರ್ ನಡೆಯುತ್ತಿತ್ತು. ಟೋಕಿಯೋಗೆ ಬರಲು ಪಾಸ್‌ಪೋರ್ಟ್ ಬೇಕಿತ್ತು. ಜಪಾನಿಗೆ ಮರಳಿದ ಮೇಲೂ ಆರು ವರ್ಷ ಗಾಡಿಗಳು ಬಲಗಡೆಯೇ ಓಡಿದವು. 1978ರ ಜುಲೈ 30ರಂದು ಒಂದೇ ಬೆಳಿಗ್ಗೆ ಇಡೀ ದ್ವೀಪ ಎಡಕ್ಕೆ ಬದಲಾಯಿತು. ಆ ದಿನವನ್ನು ಇಲ್ಲಿ ‘ನಾನಾ ಸಾನ್ ಮಾರು’ ಅನ್ನುತ್ತಾರೆ, ಏಳು ಮೂರು ಸೊನ್ನೆ. ಆಗ ಇಲ್ಲೇ ಇದ್ದವರು ಯಾರೂ ಅದನ್ನು ಮರೆತಿಲ್ಲ. ‘ಪಾಸ್‌ಪೋರ್ಟ್ ಹಿಡಿದು ಬಂದಿರಾ?’ ಅಂತ ಕೇಳಿ ನೋಡಿ. ಉಳಿದ ಹಿರಿಯರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಾರೆ.

ವಯಸ್ಸಿನ ಹಬ್ಬದ ಪ್ರಶ್ನೆಯೂ ಒಳ್ಳೆಯದು. ಜಪಾನಿನ ಬೇರೆ ಕಡೆ 60, 70, 77, 88, 99 ದೊಡ್ಡ ವಯಸ್ಸುಗಳು. ಓಕಿನಾವಾದಲ್ಲಿ 97ಕ್ಕೆ ‘ಕಾಜಿಮಾಯಾ’. ಗಿರಗಿಟ್ಟಲೆ ಅಂತ ಹೆಸರು. ತೊಂಬತ್ತೇಳಾದವರು ಮತ್ತೆ ಮಗುವಾಗುತ್ತಾರೆ ಅಂತ ಕೈಗೆ ಬಣ್ಣದ ಗಿರಗಿಟ್ಟಲೆ ಕೊಟ್ಟು ತೆರೆದ ಕಾರಿನಲ್ಲಿ ಊರೆಲ್ಲ ಮೆರವಣಿಗೆ ಮಾಡುತ್ತಾರೆ.

ಎರಡು ವಿಷಯಕ್ಕೆ ಹುಷಾರಾಗಿರಿ. ಒಂದು, 1945. ಓಕಿನಾವಾ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಳ್ಳದ ಕುಟುಂಬ ಇಲ್ಲಿ ಕಡಿಮೆ. ಅವರಾಗಿ ಹೇಳಿದರೆ ಕೇಳಿ, ಪ್ರಶ್ನೆಯಾಗಿ ಕೇಳಬೇಡಿ. ತೋಹೊಕು ಕರಾವಳಿಯವರಿಗೆ 2011ರ ಸುನಾಮಿಯೂ ಹಾಗೇ. ಒಂದು ಊರಿನ ಮೀನಿನ ಬಗ್ಗೆ ಕೇಳುವ ಮೊದಲು ಆ ಊರಿಗೆ ಏನಾಯಿತು ಅಂತ ನೋಡಿಕೊಳ್ಳಿ.

ಎರಡನೆಯದು ಆಡುಮಾತು. ಆಡುಮಾತಿನ ಕ್ವಿಜ್ ಎಲ್ಲರಿಗೂ ಇಷ್ಟ ಅಂತ ಮಾಡುತ್ತಾರೆ. ಆದರೆ ಓಕಿನಾವಾದ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ಫಲಕ ಹಾಕುತ್ತಿದ್ದರು. ಇನ್ನೊಬ್ಬರು ಸಿಕ್ಕಿಬೀಳುವ ತನಕ ಅದನ್ನು ಹಾಕಿಕೊಂಡೇ ಇರಬೇಕು. ತೋಹೊಕುವಿನಿಂದ ಬಂದ ಆ ಹದಿನೈದರ ಮಕ್ಕಳನ್ನೂ ಟೋಕಿಯೋದಲ್ಲಿ ಮಾತಿನ ಧಾಟಿಗೆ ನಕ್ಕವರಿದ್ದರು. ಕೆಲವರು ಆ ಕಾರಣಕ್ಕೇ ಮಾತು ಕಡಿಮೆ ಮಾಡಿದರು. ‘ನಿಮ್ಮ ಊರ ಮಾತು ಸ್ವಲ್ಪ ಆಡಿ ತೋರಿಸಿ’ ಅಂತ ಎಲ್ಲರ ಮುಂದೆ ಎಬ್ಬಿಸಬೇಡಿ. ಸ್ನಾನದ ಹೊತ್ತಿನಲ್ಲಿ ಒಬ್ಬರೇ ಇದ್ದಾಗ ಕೇಳಿದರೆ ತಾವಾಗಿಯೇ ಹೇಳುತ್ತಾರೆ.

ಒಸಾಕಾ ಸೊಸೆ

ನಾಹಾದವರ ಮಾತು ಓದಿ ನನ್ನ ಅತ್ತೆಗೂ ಹೇಳಿದೆ. ‘ಕ್ವಿಜ್ ಮಾಡುವ ಹುಡುಗಿಗೆ ಇದನ್ನು ಮೊದಲು ಕಲಿಸಬೇಕು’ ಅಂದರು.

ತುಂಗೆಯ ತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ಒಂದಷ್ಟು ಮಾಡಿ ನೋಡಿದೆ, ಹೇಳುತ್ತೇನೆ.

ಕರುತಾ ಕೆಲಸ ಮಾಡಿತು. ಮರೆವು ಜಾಸ್ತಿ ಇದೆ ಅಂದೆನಲ್ಲ, ಅವರು ಸಾಲುಗಳನ್ನು ಒಂದರ ಹಿಂದೆ ಒಂದು ಮುಗಿಸಿದರು. ಜನಸಂಖ್ಯೆಯ ಕಾರ್ಡಿಗೆ ‘160’ ಅಂದರು. ಅವರಿಗಿಂತ ಚಿಕ್ಕವರೊಬ್ಬರು 170 ಅಂದರು. ಅಡುಗೆಮನೆಯಿಂದ ಗುನ್ಮಾದ ಹುಡುಗಿ ಬಂದು 200 ಅಂದಳು. ‘ಅಷ್ಟು ಜನ ಯಾವಾಗ ಆದರು!’ ಅಂತ ಅಜ್ಜಿ ನಕ್ಕರು.

ಕೈಗೆ ವಸ್ತು ಕೊಡಿ ಅಂದಿದ್ದಕ್ಕೆ, ನಮ್ಮ ಒಬ್ಬ ಸಹೋದ್ಯೋಗಿ ಮನೆಯಿಂದ ಕಂದು ಬಣ್ಣದ ಮಣ್ಣಿನ ಪುಟ್ಟ ಮಡಕೆ ತಂದರು. ಗುನ್ಮಾದ ಯೊಕೊಕಾವಾ ನಿಲ್ದಾಣದಲ್ಲಿ 1958ರಿಂದ ಮಾರುತ್ತಿದ್ದ ಅನ್ನದ ಮಡಕೆ, ಮಾಶಿಕೊ ಊರಿನ ಮಣ್ಣಿನದು. ಉಸುಇ ಕಣಿವೆ ಹತ್ತಲು ರೈಲಿಗೆ ಹೆಚ್ಚಿನ ಎಂಜಿನ್ ಜೋಡಿಸಬೇಕಿತ್ತು. ಆ ಹೊತ್ತಿನಲ್ಲಿ ಎಲ್ಲರೂ ಇಳಿದು ಬಿಸಿ ಮಡಕೆ ಕೊಳ್ಳುತ್ತಿದ್ದರಂತೆ. 1997ರಲ್ಲಿ ಶಿಂಕಾನ್‌ಸೆನ್ ಬಂದು ಆ ಕಣಿವೆಯ ದಾರಿ ಮುಚ್ಚಿತು. ನಾನು ‘ಇದು ಯಾವ ನಿಲ್ದಾಣದ್ದು’ ಅಂತ ಕೇಳುವ ಮೊದಲೇ ಅರ್ಧ ಕೋಣೆ ಉತ್ತರ ಹೇಳಿತ್ತು. ಆಮೇಲೆ ಆ ಮಡಕೆಯಲ್ಲಿ ಯಾರು ಏನು ಮಾಡುತ್ತಿದ್ದರು ಅಂತ ಶುರುವಾಯಿತು. ಒಬ್ಬರು ಅದರಲ್ಲೇ ಒಬ್ಬರಿಗಾಗುವಷ್ಟು ಅನ್ನ ಮಾಡುತ್ತಿದ್ದರು. ಇನ್ನೊಬ್ಬರು ಹೂವಿನ ಗಿಡ ಹಾಕಿದ್ದರು.

ಫುಕುಓಕಾದವರು ಕಲ್ಲಿದ್ದಲು ಗಣಿಯ ಊರಿನವರು. ಅವರಿಂದ ಬೋನ್ ಕುಣಿತದ ಕೈ ಚಲನೆ ಕಲಿತೆ: ಅಗೆಯುವುದು, ಹೆಗಲಿಗೆ ಹಾಕುವುದು, ಗಾಡಿ ತಳ್ಳುವುದು. ಎಲ್ಲರಿಗೂ ಬರುತ್ತಿತ್ತು, ಕುರ್ಚಿಯಲ್ಲಿ ಕೂತೇ ಮಾಡಿದರು. ಫುಕುಶಿಮಾದ ಅಜ್ಜ ಆಗ ‘ನಮ್ಮಲ್ಲೂ ಗಣಿ ಇತ್ತು, ಅದು ಹವಾಯಿ ಆಯಿತು’ ಅಂದರು. ನನಗೆ ಅರ್ಥವೇ ಆಗಲಿಲ್ಲ. ಕೇಳಿದರೆ, ಇವಾಕಿಯಲ್ಲಿ ಗಣಿಗಳು ಸೊರಗಿದಾಗ ಗಣಿ ಕಂಪನಿಯೇ 1966ರಲ್ಲಿ ಜೋಬಾನ್ ಹವಾಯಿಯನ್ ಸೆಂಟರ್ ಅಂತ ಬಿಸಿನೀರಿನ ದೊಡ್ಡ ವಿಹಾರಧಾಮ ಕಟ್ಟಿತಂತೆ. ಗಣಿ ಕೆಲಸಗಾರರ ಹೆಣ್ಣುಮಕ್ಕಳು ಹೂಲಾ ಕುಣಿತ ಕಲಿತರಂತೆ.

ಓಕಿನಾವಾದವರಿಗೆ ಪಾಸ್‌ಪೋರ್ಟ್ ಪ್ರಶ್ನೆಯನ್ನು ಒಬ್ಬರೇ ಇದ್ದಾಗ ಕೇಳಿದೆ. ಹೌದು ಅಂದರು. ಮರುವಾರ ಮನೆಯಿಂದ ಅದನ್ನೇ ತಂದರು. ತಾವೇ ಎಲ್ಲರಿಗೂ ತೋರಿಸಿದರು.

ಈಗ ಅವರೂ ನನ್ನನ್ನು ಕೇಳುತ್ತಾರೆ, ನಿಮ್ಮ ಊರಿನಲ್ಲಿ ಹೊಸ ವರ್ಷಕ್ಕೆ ಏನು ಮಾಡುತ್ತಾರೆ ಅಂತ. ಯುಗಾದಿಯ ಬೇವು ಬೆಲ್ಲದ ಬಗ್ಗೆ ಹೇಳಿದೆ. ಹೋಳಿಗೆಯ ಚಿತ್ರ ತೋರಿಸಿದಾಗ ಹೂರಣ ಅವರಿಗೆ ತಕ್ಷಣ ಗೊತ್ತಾಯಿತು.

ಕೃಷಿ ಸಚಿವಾಲಯ 2007ರಲ್ಲಿ ಮಾಡಿದ ಊರ ಅಡುಗೆಗಳ ‘ನೂರರ ಪಟ್ಟಿ’ಯ ಬಗ್ಗೆ ನಮ್ಮ ಮೇಲ್ವಿಚಾರಕಿ ಹೇಳಿದರು. ಅದರಲ್ಲಿ ಇರುವುದು 99 ಮಾತ್ರ. ನೂರನೆಯದನ್ನು ಜನರಿಗೇ ಬಿಟ್ಟಿದ್ದಾರೆ. ಸೆಪ್ಟೆಂಬರ್ ಮೂರನೇ ಸೋಮವಾರ ಹಿರಿಯರ ದಿನ. ಅವತ್ತು ಒಬ್ಬೊಬ್ಬರ ನೂರನೆಯ ಅಡುಗೆಯನ್ನು ಬರೆದು ಗೋಡೆಗೆ ಹಾಕೋಣ ಅಂತಿದ್ದೇವೆ.

ಕೊನೆಯದಾಗಿ ಒಂದು ಪ್ರಶ್ನೆ. ಮುಂದಿನ ತಿಂಗಳಿಂದ ತೊಯಾಮಾದವರೊಬ್ಬರು ಬರುತ್ತಾರೆ. ಅವರಿಗೆ ಏನು ಕೇಳಲಿ?

ನಿಶಿಕಸಾಯ್ ನಿವಾಸಿ

ಊಟದ ವಿಷಯಕ್ಕೆ ಕೊಂಬು ಕೇಳಿ. ಸಮುದ್ರದ ಆ ಪಾಚಿ ಬೆಳೆಯುವುದು ಹೊಕ್ಕೈಡೊದಲ್ಲಿ, ಆದರೆ ಹಳೆಯ ಹಡಗು ವ್ಯಾಪಾರದಿಂದ ತೊಯಾಮಾದ ಅಡುಗೆ ತುಂಬ ಅದೇ. ಹಸಿ ಮೀನನ್ನೂ ಅದರ ಮಧ್ಯೆ ಇಟ್ಟು ಒತ್ತಿ ತಿನ್ನುತ್ತಾರೆ.

ಅದಕ್ಕಿಂತ ಒಳ್ಳೆಯದು ತೊಯಾಮಾದ ಔಷಧಿ ಮಾರುವವರ ಪ್ರಶ್ನೆ. ಊರೂರು ಸುತ್ತಿ ಮನೆಯಲ್ಲಿ ಒಂದು ಔಷಧಿ ಪೆಟ್ಟಿಗೆ ಇಟ್ಟು ಹೋಗುತ್ತಿದ್ದರು. ದುಡ್ಡು ಆಗಲೇ ಬೇಡ. ಮತ್ತೆ ಬಂದಾಗ ಎಷ್ಟು ಖರ್ಚಾಗಿದೆಯೋ ನೋಡಿ ಅಷ್ಟಕ್ಕೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಮನೆಯ ಮಕ್ಕಳಿಗೆ ಬಣ್ಣದ ಕಾಗದದ ಬಲೂನು ಕೊಡುತ್ತಿದ್ದರು. ಆ ಬಲೂನು ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ಬಹಳ ಅಗ್ಗ. ಒಂದು ಕಟ್ಟು ತನ್ನಿ.

ಆದರೆ ಇದನ್ನು ತೊಯಾಮಾದವರಿಗೆ ಮಾತ್ರ ಕೇಳಬೇಡಿ. ಅವರ ಊರಿನ ಜನ ಹೊರಟದ್ದು ಉಳಿದವರ ಮನೆಗಳಿಗೇ. ಆಓಮೋರಿಯವರಿಗೆ, ನೀಗಾತಾದವರಿಗೆ, ಗುನ್ಮಾದವರಿಗೆ ಎಲ್ಲರಿಗೂ ಬಲೂನು ಕೊಟ್ಟು, ಇದನ್ನು ಯಾರು ತಂದುಕೊಡುತ್ತಿದ್ದರು ಅಂತ ಮೊದಲು ಅವರನ್ನೇ ಕೇಳಿ. ಹೊಸದಾಗಿ ಬಂದವರು ಏನೂ ಹೇಳದೆ ಕೂತಿದ್ದರೂ, ತಮ್ಮ ಊರಿನ ಹೆಸರನ್ನು ಇಡೀ ಕೋಣೆಯ ಬಾಯಲ್ಲಿ ಕೇಳುತ್ತಾರೆ. ಮೊದಲ ದಿನಕ್ಕೇ ಇಟ್ಟುಕೊಳ್ಳಿ.